ಅತ್ತೆ ಹೊತ್ತ ಅಪವಾದ

ತಾಯಿ ಇಲ್ಲದ ಕುಶಲಾಳ ಚೊಚ್ಚಲ ಬಾಣಂತನ ಕುಲಶೇಖರದಲ್ಲಿದ್ದ ಗಂಡನ ಮನೆಯಲ್ಲೇ, ಅತ್ತೆ ಸುಂದರಿಯ ಕೈಯಲ್ಲೇ ಆಯಿತು. ಎಂಬತ್ತನೆಯ ಇಸವಿ, ನವರಾತ್ರಿಯ ಹೊತ್ತು. ಹುಟ್ಟಿದ ಹೆಣ್ಣು ಕೂಸಿನ ಮೇಲ್ತುಟಿ ಮೂಗಿನವರೆಗೂ ಸೀಳಿತ್ತು. ಬಾಯಿಯೊಳಗೆ ಅಂಗುಳವೂ ಕೂಡಿರಲಿಲ್ಲ. ಮೊಲೆ ಚೀಪಲಾಗುತ್ತಿರಲಿಲ್ಲ, ಕುಡಿಸಿದ ಹಾಲು ಮೂಗಿನಲ್ಲಿ ಬರುತ್ತಿತ್ತು.

"ಇದು ಯಾರ ತಪ್ಪೂ ಅಲ್ಲ. ಮೈ ತುಂಬಿದ ಮೇಲೆ ತುಟಿ ಹೊಲಿಯಬಹುದು, ಅಂಗುಳಕ್ಕೆ ಆಮೇಲೆ ಇನ್ನೊಂದು ಆಪರೇಷನ್," ಎಂದರು ಡಾಕ್ಟರು. ಕೂಸನ್ನು ನೆಟ್ಟಗೆ ಕೂರಿಸಿಕೊಂಡು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸುವುದನ್ನು ಸುಂದರಿ ಕಲಿತಳು.

ನೋಡಲು ಬಂದವರೆಲ್ಲ ತೊಟ್ಟಿಲಿಗೆ ಬಗ್ಗಿ, ಥಟ್ಟನೆ ಮುಖ ಎತ್ತಿ, ಕೇಳುತ್ತಿದ್ದದ್ದು ಒಂದೇ: "ಗ್ರಹಣದ ದಿನ ಇವಳು ಎಂತ ಮಾಡಿದ್ಲು?"

ಆ ವರ್ಷದ ಫೆಬ್ರವರಿಯ ಸೂರ್ಯಗ್ರಹಣವನ್ನು ಊರು ಮರೆತಿರಲಿಲ್ಲ. ಹಗಲೇ ಕತ್ತಲು ಕವಿದು, ಅಂಗಡಿಗಳು ಮುಚ್ಚಿ, ಕಾಗೆಗಳು ಗೂಡಿಗೆ ಮರಳಿದ್ದವು. ಎಲ್ಲರೂ ಬಾಗಿಲು ಹಾಕಿ ಕುಳಿತಿದ್ದಾಗ ಕುಶಲಾ ಅಂಗಳಕ್ಕಿಳಿದು ಒಣಹಾಕಿದ ಬಟ್ಟೆ ಬಾಚಿಕೊಂಡು ಓಡಿ ಬಂದದ್ದನ್ನು ಸುಂದರಿ ಕಿಟಕಿಯಿಂದ ಕಂಡಿದ್ದಳು. ಬಸುರಿ ಎಂಬುದು ಆಗ ಕುಶಲಾಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಸುಂದರಿ ಅದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಕುಶಲಾ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ಕೂಸನ್ನು ಮುಟ್ಟುತ್ತಿರಲಿಲ್ಲ. ಬೈಕಂಪಾಡಿಯ ಕಾರ್ಖಾನೆಯಿಂದ ಬಂದ ಗಂಡ ಲೋಕನಾಥ ಜಗಲಿಯಲ್ಲೇ ಕುಳಿತುಬಿಡುತ್ತಿದ್ದ.

ಒಂದು ಸಂಜೆ ಸುಂದರಿಯ ತಂಗಿ ವಾರಿಜಾಕ್ಷಿ ಬಂದಳು. ಗಂಡ ತೀರಿಹೋದ ಮೇಲೆ ಸುಂದರಿಗೆ ಸುಖದುಃಖ ಹೇಳಿಕೊಳ್ಳಲು ಇದ್ದವಳು ಅವಳೊಬ್ಬಳೇ. ಕೋಣೆಯೊಳಗೆ ಕೇಳಿಸಲೆಂದೇ ಅವಳು ದನಿ ಏರಿಸಿದಳು. "ಅಕ್ಕ, ಇವಳು ಹೊರಗೆ ಹೋಗಿಯೇ ಹೋಗಿದ್ದಾಳೆ. ಬಾಯಿ ಬಿಡುವುದಿಲ್ಲ, ಅಷ್ಟೆ. ತನ್ನ ಕೈಯಾರೆ ಕೂಸಿನ ಬಾಳು ಹಾಳು ಮಾಡಿದ್ಲು."

ಕೋಣೆಯೊಳಗಿನ ಬಿಕ್ಕು ಸುಂದರಿಗೆ ಕೇಳಿಸಿತು. ಡಾಕ್ಟರ ಮಾತನ್ನು ಊರಿಗೆ ನಂಬಿಸುವುದು ಅವಳಿಂದಾಗುವ ಕೆಲಸವಲ್ಲ. ಹಾಗೆ ನೋಡಿದರೆ ಅವಳೇ ಪೂರ್ತಿ ನಂಬಿರಲಿಲ್ಲ.

"ಹೋಗಿದ್ಲು. ನಾನೇ ಕಳಿಸಿದ್ದು," ಎಂದಳು. "ಬಟ್ಟೆ ತಾ ಅಂತ ಹೇಳಿದ್ದು ನಾನು. ಅವಳು ಆಗುವುದಿಲ್ಲ ಅಂದ್ಲು. ನಾನೇ ಗದರಿಸಿದೆ."

ವಾರಿಜಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡಳು. ಜಗಲಿಯಲ್ಲಿದ್ದ ಲೋಕನಾಥ ಎದ್ದು ಬಂದು ತಾಯಿಯನ್ನು ನೋಡಿದ. "ಅಮ್ಮ, ನೀವಾ?" ಎಂದವನು ಚಪ್ಪಲಿ ಮೆಟ್ಟಿ ಹೊರಟೇಹೋದ.

ವಾರಿಜಾಕ್ಷಿಯೂ ಹೋದ ಮೇಲೆ ಕುಶಲಾ ಬಾಗಿಲಿಗೆ ಬಂದು ನಿಂತಳು. "ಮಾಮಿ, ನೀವು ಅವತ್ತು ನೋಡಿದ್ರಾ?"

"ಎಂತ ನೋಡುವುದು? ಕೂಸು ಅಳ್ತಾ ಉಂಟು, ಎತ್ತಿಕೋ."

ಕುಶಲಾ ಎತ್ತಿಕೊಂಡಳು. ಅಂದು ರಾತ್ರಿ ಎರಡು ತುತ್ತು ಗಂಜಿ ಉಂಡಳು.

ಮಾತು ಊರು ಸುತ್ತಿತು. ವಾರಿಜಾಕ್ಷಿ ಬರುವುದನ್ನು ಬಿಟ್ಟಳು. ಲೋಕನಾಥ ತಾಯಿ ಬಡಿಸಿದ್ದನ್ನು ಉಣ್ಣುತ್ತಿದ್ದ, ಮಾತು ಮಾತ್ರ ಇಲ್ಲ. ಸುಂದರಿ ಕೂಸಿನೊಡನೆ ತುಳುವಿನಲ್ಲಿ ಅದೂ ಇದೂ ಹೇಳಿಕೊಂಡಿರುತ್ತಿದ್ದಳು. ಬೇರೆ ಯಾರೊಡನೆ ಮಾತಾಡಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ. ಕೂಸು ಮೈ ತುಂಬಿಕೊಂಡಿತು.

ಬೇಸಿಗೆಯಲ್ಲಿ ತುಟಿ ಹೊಲಿದರು. ಗಾಯ ಮಾಗಿದ ಮೇಲೆ ನೆಂಟರೆಲ್ಲ ಬಂದರು, ವಾರಿಜಾಕ್ಷಿಯೂ. ಕೂಸನ್ನು ಕೈಯಿಂದ ಕೈಗೆ ದಾಟಿಸಿ ನಗಿಸಿದರು. ಸುಂದರಿಯನ್ನು ಯಾರೂ ಕರೆಯಲಿಲ್ಲ.

ಅಡುಗೆಮನೆಯಲ್ಲಿ ಕುಶಲಾ ಅವಳ ಕೈ ಹಿಡಿದಳು. "ಮಾಮಿ, ಇವತ್ತು ನಿಜ ಹೇಳಿಬಿಡ್ತೇನೆ. ನನ್ನಿಂದ ತಡೆಯಲಿಕ್ಕೆ ಆಗುವುದಿಲ್ಲ."

"ಬೇಡ. ಇನ್ನೊಂದು ಆಪರೇಷನ್ ಬಾಕಿ ಉಂಟು. ಕೂಸಿಗೆ ನೀನು ಗಟ್ಟಿ ಇರ್ಬೇಕು."

"ನಿಮಗೆ ಯಾರುಂಟು ಮಾಮಿ?"

ಸುಂದರಿ ಪಾಯಸದ ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು, "ನೀನೇ ಬಡಿಸು, ನಾನು ಬಂದರೆ ಅವರು ಸರಿಯಾಗಿ ಉಣ್ಣುವುದಿಲ್ಲ," ಎಂದು ಹಿಂಬಾಗಿಲ ಮೆಟ್ಟಿಲಿನ ಮೇಲೆ ಹೋಗಿ ಕುಳಿತಳು.