ಕುರ್ಚಿ ಯಾರದು

ಬಂದವರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲಿನವನು ಎಂದಿನಷ್ಟೇ ಹಾಲು ಇಟ್ಟು ಹೋಗಿದ್ದ. ಒಬ್ಬರ ಪಾಲು ಹೆಚ್ಚಾಗಿತ್ತು. ಅದನ್ನೂ ಕಾಸಿದೆ.

ಅತ್ತೆ ಸಿಂಹಾಸನದ ಮೇಲೆ ಕೂತಿದ್ದರು.

ಸಿಂಹಾಸನ ಅಂದರೆ ಸಿಂಹಾಸನವೇ. ಎರಡೂ ಕೈಗಳಿಗೆ ಸಿಂಹದ ತಲೆ, ಬೆನ್ನಿಗೆ ಕೆಂಪು ಮಖಮಲ್ಲು, ಕಾಲಿಗೆ ಚಿನ್ನದ ಬಣ್ಣ. ನನ್ನ ಗಂಡ ನಾಟಕ ಬರೆಯುತ್ತಿದ್ದರು. ಊಟದ ಮೇಜಿನ ಕುರ್ಚಿಯಲ್ಲಿ ಬೆನ್ನು ನೋವು ಬಂದಾಗ ನಾಟಕ ಕಂಪನಿಯ ಉಗ್ರಾಣದಿಂದ ಇದನ್ನು ಎರವಲು ತಂದಿದ್ದರು. ತರುವಾಗ ಒಂದು ಸಿಂಹದ ಮೂಗು ನಮ್ಮ ಬಾಗಿಲಿಗೆ ತಗುಲಿ ಕಿತ್ತುಬಂತು. ಅಂಟಿಸುತ್ತೇನೆ ಅನ್ನುತ್ತಲೇ ಇದ್ದರು. ನನಗೆ, “ನಾಟಕ ಮುಗಿಯೋವರೆಗೆ ಅಷ್ಟೆ” ಅಂದಿದ್ದರು. ಅತ್ತೆಗೆ, “ನಿನಗೇ ತಂದದ್ದಮ್ಮಾ” ಅಂದಿದ್ದರು.

ನಾಟಕ ಮುಗಿಯಲಿಲ್ಲ. ಒಂದು ಮಧ್ಯಾಹ್ನ ಅದರಲ್ಲಿ ಕೂತು ಬರೆಯುತ್ತಿದ್ದವರು ಮೇಜಿನ ಮೇಲೆ ತಲೆಯಿಟ್ಟರು. ನಿದ್ದೆ ಬಂದಿರಬೇಕು ಅಂದುಕೊಂಡು ನಾನು ಫ್ಯಾನು ಜೋರು ಮಾಡಿ ಹೋದೆ.

“ನಮ್ಮ ವಂಶದಲ್ಲಿ ಸಿಂಹಾಸನದ ಮೇಲೆ ಪ್ರಾಣ ಬಿಟ್ಟವನು ಇವನೊಬ್ಬನೇ,” ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಆಮೇಲೆ ಹೋಗಿ ಅದರಲ್ಲಿ ಕೂತರು. ಸ್ನಾನಕ್ಕೆ, ನಿದ್ದೆಗೆ ಬಿಟ್ಟರೆ ಏಳಲಿಲ್ಲ. ಯಾರಾದರೂ ಹತ್ತಿರ ಸುಳಿದರೆ ತಮಗೆ ಸೊಂಟ ನೋವು ಅನ್ನುತ್ತಿದ್ದರು.

ಗಂಡನ ಫೋನು ಬಡಿದುಕೊಂಡಿತು. ನನ್ನ ಕೈ ಒದ್ದೆಯಾಗಿತ್ತು, ಸ್ಪೀಕರಿಗೆ ಹಾಕಿದೆ.

“ಡಾಕ್ಟರ್ ಆಫೀಸಿನಿಂದ,” ಅಂದಿತು ಒಂದು ಹೆಣ್ಣು ದನಿ. “ಸಾರ್‌ಗೆ ಹೇಳಿ, ಡಾಕ್ಟರ್ ಪೂರ್ತಿ ನೋಡಿದ್ದಾರೆ. ಮೊದಲರ್ಧ ಆರೋಗ್ಯವಾಗಿದೆ. ಮಧ್ಯದಲ್ಲಿ ಕೊಬ್ಬು ಜಾಸ್ತಿ, ಕತ್ತರಿಸಬೇಕು. ಕೊನೆಯಲ್ಲಿ ಮಾತ್ರ ಉಸಿರೇ ಇಲ್ಲ.”

“ಈಗ ಹೇಳ್ತಾಳೆ ನೋಡು,” ಅಂದರು ಅತ್ತೆ.

“ಅವರು ಹೋಗಿಬಿಟ್ಟರು,” ಅಂದೆ.

“ಎಲ್ಲಿಗೆ? ಬೇರೆ ಡಾಕ್ಟರ್ ಹತ್ತಿರಾನಾ?”

ಅತ್ತೆ ಕೂತಲ್ಲಿಂದಲೇ ಬಾಗಿದರು. “ಏನಮ್ಮಾ, ನನ್ನ ಮಗನಿಗೆ ಏನು ಕಾಯಿಲೆ ಇತ್ತು ಅಂತ ಇವತ್ತಾದ್ರೂ ಹೇಳ್ತೀಯಾ?”

ಆ ಕಡೆಯ ದನಿ ಮೆತ್ತಗಾಯಿತು. “ಅಮ್ಮಾ, ನಮ್ಮವರು ಸ್ಕ್ರಿಪ್ಟ್ ಡಾಕ್ಟರ್. ನಾಟಕ, ಸಿನಿಮಾ ಬರೆಯೋರಿಗೆ ಎಲ್ಲಿ ಸರಿಮಾಡಬೇಕು, ಹೇಗೆ ಮಾರಬೇಕು ಅಂತ ಸಲಹೆ ಕೊಡ್ತಾರೆ. ಮನುಷ್ಯರನ್ನ ಮುಟ್ಟಲ್ಲ.”

ನಾನು ವಿಷಯ ಹೇಳಿದೆ. ಪಾಪ, ಹುಡುಗಿ ತಡವರಿಸಿದಳು. ಡಾಕ್ಟರು ಹನ್ನೊಂದಕ್ಕೆ ವಿಡಿಯೋದಲ್ಲಿ ಸಿಗುವವರಿದ್ದರಂತೆ. ಬೇಕಿದ್ದರೆ ನೀವೇ ಮಾತಾಡಿ ಅಂದಳು.

ಬೇಕಿತ್ತು. ಮಣ್ಣಿಗೆ ಬಂದಿದ್ದ ಕಂಪನಿಯ ಯಜಮಾನರು, “ಕೊನೆಯ ದೃಶ್ಯ ಸಿಕ್ಕರೆ ಆಡ್ತೀವಮ್ಮ, ಇಲ್ಲದಿದ್ದರೆ ಕಷ್ಟ,” ಎಂದು ಹೇಳಿ ಹೋಗಿದ್ದರು. ನನ್ನ ಗಂಡನ ಒಂದು ನಾಟಕವೂ ರಂಗ ಕಂಡಿರಲಿಲ್ಲ. ಇದೊಂದು ಕಾಣಬೇಕು ಅನ್ನುವುದು ಬಿಟ್ಟರೆ ನನಗೆ ಬೇರೇನೂ ಅನ್ನಿಸುತ್ತಿರಲಿಲ್ಲ. ಅಳುವೂ ಬಂದಿರಲಿಲ್ಲ.

ನಾಟಕದಲ್ಲಿ ಒಂದು ಮನೆ. ತಾಯಿ, ಮಗ, ಸೊಸೆ. ಮೂವರಿಗೂ ಸೇರಿ ಒಂದೇ ಒಳ್ಳೆಯ ಕುರ್ಚಿ. ತಾಯಿ ಕೂತಿದ್ದಾಳೆ, ಏಳುವುದಿಲ್ಲ. ಏಳಿಸುವುದು ಹೇಗೆ ಅಂತ ಬರೆಯುವವರಿಗೂ ಕೊನೆಯವರೆಗೆ ಹೊಳೆಯಲಿಲ್ಲ.

ಹನ್ನೊಂದಕ್ಕೆ ಡಾಕ್ಟರು ಕೆಂಪು ಕನ್ನಡಕ ಹಾಕಿಕೊಂಡು ಕಾಣಿಸಿಕೊಂಡರು.

“ತುಂಬಾ ಬೇಜಾರಾಯ್ತು ಮೇಡಂ. ಮೂರನೇ ಅಂಕದಲ್ಲಿ ಆಗಬೇಕಾದದ್ದು ಮೊದಲನೇದರಲ್ಲೇ ಆಗಿಬಿಡ್ತು,” ಅಂದರು. “ಇರಲಿ. ಮೊದಲು ಮಾರೋ ವಿಷಯ. ನಿರ್ಮಾಪಕರು ಲಿಫ್ಟಿನಲ್ಲಿ ಸಿಕ್ಕರು ಅಂದ್ಕೊಳ್ಳಿ. ಅವರು ಇಳಿಯೋದರೊಳಗೆ ಕಥೆ ಮುಗೀಬೇಕು. ಒಂದೇ ಸಾಲಲ್ಲಿ ಹೇಳಿ.”

“ಅತ್ತೆ ಕುರ್ಚಿ ಬಿಟ್ಟು ಏಳಲ್ಲ.”

“ಆಮೇಲೆ?”

“ಏಳಲ್ಲ.”

“ಅದು ಕಥೆಯಲ್ಲ, ಸಮಸ್ಯೆ.” ಅವರು ಕಣ್ಣು ಕಿರಿದು ಮಾಡಿದರು. “ನಿಮ್ಮ ಹಿಂದೆ ಯಾರು?”

“ನಮ್ಮತ್ತೆ.”

“ಯಾವುದರ ಮೇಲೆ ಕೂತಿದ್ದಾರೆ?”

“ಸಿಂಹಾಸನ.”

ಡಾಕ್ಟರು ತಮಗರಿವಿಲ್ಲದೆ ಕೈಮುಗಿದರು. ಆಮೇಲೆ ದನಿ ತಗ್ಗಿಸಿ, “ನೇರವಾಗಿ ಹೇಳ್ತೀನಿ. ಅತ್ತೆ ಪಾತ್ರ ತೆಗೆದುಹಾಕಿ. ಕಥೆ ಹಗುರಾಗುತ್ತೆ,” ಅಂದರು.

ಅತ್ತೆಯ ಕಿವಿ ಚುರುಕು. “ನನ್ನನ್ನ ತೆಗೆಯೋಕೆ ಇವನ್ಯಾರು? ನಿಮ್ಮನೇಲಿ ಅಮ್ಮ ಇಲ್ವೇನಪ್ಪಾ?”

“ಇದ್ದಾರಮ್ಮ. ಅವರು ಕಥೆಗೆ ಅಡ್ಡ ಬರಲ್ಲ.”

“ಬಂದಿರ್ತಾರೆ. ನೀನು ನೋಡಿರಲ್ಲ.”

“ಸರಿ, ಇರಲಿ ಬಿಡಿ. ಆದರೆ ಏಳಿಸಬೇಕಲ್ಲ. ಮನೆಗೆ ಬೆಂಕಿ?”

“ಕಂಪನಿಯವರ ಹತ್ತಿರ ಸುಡೋಕೆ ಇನ್ನೊಂದು ಮನೆ ಇಲ್ಲ,” ಅಂದೆ.

“ಇಲಿ?”

“ಇಲಿಗೆಲ್ಲ ನಾನು ಹೆದರಲ್ಲ,” ಅಂದರು ಅತ್ತೆ.

“ಹಾಗಾದರೆ ಮಗ ಸಾಯಲಿ. ಸೊಸೆ ಗೋಳೋ ಅಂತ ಅಳ್ತಾಳೆ. ತಾಯಿ ಕುರ್ಚಿ ಬಿಟ್ಟು ಓಡಿ ಬರ್ತಾಳೆ. ಪರದೆ. ಚಪ್ಪಾಳೆ.”

“ಹಾಗಾಗಲ್ಲ,” ಅಂದೆ. “ಸೊಸೆ ಅಳಲ್ಲ, ಹಾಲು ಕಾಸ್ತಾಳೆ. ತಾಯಿ ಇನ್ನೂ ಗಟ್ಟಿಯಾಗಿ ಕೂರ್ತಾಳೆ.”

ಡಾಕ್ಟರು ಕನ್ನಡಕ ತೆಗೆದರು. ಅದಿಲ್ಲದೆ ಯಾರದೋ ಅಣ್ಣನ ಹಾಗೆ ಕಂಡರು.

“ತಪ್ಪಾಯ್ತು ಮೇಡಂ. ಬಾಯಿ ಚಟ.” ಕಾಗದ ತಿರುವಿ ಹಾಕಿದರು. “ಒಂದು ಮಾತು ಓದುವಾಗಲೇ ಗುರುತು ಮಾಡಿಕೊಂಡಿದ್ದೆ, ಅದೊಂದು ಕೇಳಿಬಿಡ್ತೀನಿ. ಆ ಕುರ್ಚಿ ಯಾರದು? ಇಡೀ ನಾಟಕದಲ್ಲಿ ಎಲ್ಲೂ ಹೇಳಿಲ್ಲ.”

ಫೋನು ಇಟ್ಟ ಮೇಲೂ ಆ ಪ್ರಶ್ನೆ ಮೇಜಿನ ಮೇಲೆ ಉಳಿಯಿತು.

“ಅತ್ತೆ, ಈ ಕುರ್ಚಿ ನಮ್ಮದಲ್ಲ,” ಅಂದೆ.

“ನನ್ನ ಮಗ ತಂದದ್ದು.”

“ಎರವಲು ತಂದದ್ದು. ಕಂಪನಿಯದು.”

ಅತ್ತೆ ಮೂಗಿಲ್ಲದ ಸಿಂಹದ ತಲೆ ಸವರಿದರು. “ವಾಪಸ್ ಕೊಡಬೇಕಾ?”

“ಕೊಡಬೇಕು.”

“ಹಾಗಂತ ಮೊದಲೇ ಹೇಳಬಾರದಿತ್ತಾ? ಕಂಡವರ ಸಾಮಾನಿನ ಮೇಲೆ ನನ್ನನ್ನ ಕೂರಿಸಿ ತಮಾಷೆ ನೋಡಿದೀಯ,” ಅಂದವರು ಎದ್ದೇಬಿಟ್ಟರು. ಎದ್ದು, ತಾವು ಕೂತಿದ್ದ ಜಾಗವನ್ನು ಅಂಗೈಯಿಂದ ಒರೆಸಿದರು.

ನಾನು ಗಂಡನ ಕೊನೆಯ ಹಾಳೆಯ ಕೆಳಗೆ ಆ ಮಾತುಗಳನ್ನು ಆಡಿದ ಹಾಗೇ ಬರೆದೆ. ಒಂದು ಪುಟವೂ ಆಗಲಿಲ್ಲ.

ಸಿಂಹಾಸನ ಬರೀ ತೆಳು ಹಲಗೆ, ಭಾರವಿರಲಿಲ್ಲ. ಆಳಿಗೊಂದು ಸಿಂಹ ಹಿಡಿದು ಹೊರಟೆವು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ. “ಅಮ್ಮಾ, ಪಟ್ಟಾಭಿಷೇಕ ಎಲ್ಲಿ?”

“ಆಯ್ತಪ್ಪ ಅದೆಲ್ಲ. ರಾಜ್ಯ ಒಪ್ಪಿಸೋಕೆ ಹೋಗ್ತಿದೀವಿ,” ಅಂದರು ಅತ್ತೆ.

ತಿರುವಿನಲ್ಲಿ ದಣಿದು ಕೆಳಗಿಳಿಸಿದೆವು. ಅತ್ತೆ ಕೂರಲಿಲ್ಲ. “ನೀನು ಕೂತ್ಕೋ,” ಅಂದರು. ನಾನು ಅದರಲ್ಲಿ ಕೂತದ್ದು ಅದೇ ಮೊದಲು. ಬೆನ್ನಿಗೆ ನಿಜಕ್ಕೂ ಹಾಯಾಗಿತ್ತು.

ಕಂಪನಿಯ ಯಜಮಾನರು ಕೊನೆಯ ಪುಟವನ್ನು ನಿಂತೇ ಓದಿದರು. ನಕ್ಕರು. ಆಮೇಲೆ ಅನುಮಾನ ಬಂತು. “ಇಷ್ಟಕ್ಕೇ ಎದ್ದುಬಿಡ್ತಾಳಾ? ಜನ ನಂಬಲ್ಲಮ್ಮ.”

“ಎದ್ದು ನಿಂತಿದೀನಲ್ಲ,” ಅಂದರು ಅತ್ತೆ.

ಯಜಮಾನರು ಅವರನ್ನು ನೋಡಿದರು, ಸಿಂಹಾಸನವನ್ನು ನೋಡಿದರು. “ಆಡ್ತೀವಿ,” ಅಂದರು.

ಉಗ್ರಾಣದ ಮುದುಕ ಮಾತ್ರ ಸಿಂಹಾಸನದ ಸುತ್ತ ಒಂದು ಸುತ್ತು ಬಂದು ನಿಂತ. “ಮೂಗೆಲ್ಲಿ?”

ಮೂಗು ನನ್ನ ಪರ್ಸಿನಲ್ಲಿತ್ತು. ನನ್ನ ಗಂಡನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು, ಅಡಿಕೆಯಷ್ಟು ಗಾತ್ರದ ಮರದ ಚೂರು. ಕಳೆದುಹೋಯಿತು ಅನ್ನಬಹುದಿತ್ತು. ಅತ್ತೆ ನನ್ನ ಕಡೆ ನೋಡಲಿಲ್ಲ.

ಪರ್ಸು ತೆರೆದು, ಮುದುಕನ ಕೈಗೆ ಕೊಟ್ಟೆ.