ಹಳೆಯದಾಗಲು ಕಲಿತ ಡಬ್ಬ

ನಾನು ಒಂದು ಚೌಕ ತಗಡಿನ ಡಬ್ಬ. ಹುಟ್ಟಿದ್ದು ಬೇಕರಿಯೊಂದರ ರಸ್ಕ್ ತುಂಬಲು. ರಸ್ಕ್ ಮುಗಿದ ಮೇಲೆ ಗುಜರಿ ಅಂಗಡಿಯಲ್ಲಿ ಮುರಿದ ಫ್ಯಾನುಗಳ ಕೆಳಗೆ ಬಿದ್ದಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ನನ್ನ ಮೈಮೇಲೆ ಬರೆದಿರುವುದೇ ಬೇರೆ: ‘ಬುಗುರಿ ಛಾಪಾ ಚಹಾ, ಹುಬ್ಬಳ್ಳಿ’. ಅಂಥ ಕಂಪನಿ ಎಂದೂ ಇರಲಿಲ್ಲ. ಅದನ್ನು ಹುಟ್ಟಿಸಿದವಳು ಮಹಾನಂದಾ.

ಮಹಾನಂದಾ ಬಾಗಲಕೋಟೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸ್ ಮಾಡುತ್ತಿದ್ದಳು. ಅವರ ಕಪ್ಪು ಮುಖಗಳನ್ನು ಬೆಳ್ಳಗೆ ಮಾಡುವುದೇ ಅವಳ ಕೆಲಸ. ಅದು ಸಾಕಾಗಿ, ಬೆಂಗಳೂರಿನ ಹೊರಗೆ ಧಾರಾವಾಹಿಯ ಸೆಟ್ ಒಂದರ ಕಲಾ ವಿಭಾಗಕ್ಕೆ ಕಲಿಯಲು ಬಂದಿದ್ದಳು. ಐವತ್ತು ವರ್ಷ ಹಿಂದಿನ ಹುಬ್ಬಳ್ಳಿಯ ಚಹಾದಂಗಡಿಯ ಕತೆ ಅದು. ಅದರ ಚಿತ್ರೀಕರಣ ಮುಗಿದಾಗ ಕಲಾ ನಿರ್ದೇಶಕ ವಲೇರಿಯನ್ ಅವಳನ್ನು ಇಟ್ಟುಕೊಳ್ಳಬೇಕು, ಇಲ್ಲವೇ ಅವಳು ಮತ್ತೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು.

ಮೊದಲ ಲೇಬಲ್ಲನ್ನು ಅವಳು ಹಳೆಯ ಅಭ್ಯಾಸದಲ್ಲೇ ಮಾಡಿದಳು. ಥಳಥಳ ಕೆಂಪು, ಅಕ್ಷರದ ಹಿಂದೆ ಹೊಂಬೆಳಕು. ಮಂಗಳೂರಿನವರಾದ ವಲೇರಿಯನ್ ನನ್ನನ್ನು ಒಮ್ಮೆ ತಿರುಗಿಸಿ ನೋಡಿದರು.

“ಇದು ಎಂತದ್ದು ಮಾರಾಯ್ತಿ? ಚಹಾದ ಡಬ್ಬವಾ, ಎಲೆಕ್ಷನ್ ಫ್ಲೆಕ್ಸಾ?”

ಅವಳು ಅದನ್ನು ಕಿತ್ತು ಹಾಕಿದಳು. ಹಳೆಯ ಡಬ್ಬಗಳ ಫೋಟೋ ಹುಡುಕಿದಳು. ಎರಡೇ ಬಣ್ಣ ಬಳಸಿದಳು. ಕೆಂಪು ಸ್ವಲ್ಪ ಗೆರೆ ದಾಟುವಂತೆ ಮಾಡಿದಳು, ಆ ಕಾಲದ ಅಚ್ಚಿನಲ್ಲಿ ಹಾಗೆ ಆಗುತ್ತಿತ್ತು. ಕಪಾಟಿನಲ್ಲಿ ಹೇಗೆ ಇಟ್ಟರೂ ಹೆಸರು ಕಾಣಲೆಂದು ಹಳೆಯ ಡಬ್ಬಗಳ ಮುಂದೆಯೂ ಹಿಂದೆಯೂ ಒಂದೇ ಚಿತ್ರ ಇರುತ್ತಿತ್ತು. ಅವಳೂ ಹಾಗೆಯೇ ಎರಡು ಬುಗುರಿ ಅಂಟಿಸಿದಳು. ಆಮೇಲೆ ಸ್ಯಾಂಡ್ ಪೇಪರ್ ಹಿಡಿದು ನನ್ನ ಮೈಯೆಲ್ಲ ಒಂದೇ ಸಮ ತಿಕ್ಕಿದಳು.

“ಇದಕ್ಕೆ ವಯಸ್ಸಾದದ್ದಲ್ಲ, ಸಿಡುಬು ಬಂದದ್ದು,” ಎಂದರು ವಲೇರಿಯನ್. “ಇದನ್ನು ಯಾರು ಮುಟ್ಟಿದ್ದಾರೆ? ಎಲ್ಲಿ ಮುಟ್ಟಿದ್ದಾರೆ? ಅಲ್ಲಿ ಮಾತ್ರ ಸವೆಯಬೇಕು.”

ಮಾರನೆಯ ದಿನ ಅವಳು ಯೂನಿಟ್ಟಿನ ಅಡುಗೆಯವನಾದ ಮುನಿವೆಂಕಟಪ್ಪನ ಒಲೆಯ ಹತ್ತಿರ ಕೂತು ಡಬ್ಬಗಳನ್ನು ಎತ್ತಿ ಇಡುವ ಅವನ ಕೈಯನ್ನೇ ನೋಡಿದಳು.

“ಏನಮ್ಮಾ, ಕೈ ನೋಡಿ ಭವಿಷ್ಯ ಹೇಳ್ತೀಯಾ?”

“ನಿಮ್ಮದಲ್ರೀ ಅಣ್ಣಾ, ನಂದು ನೋಡಾಕತ್ತೀನಿ.”

ಹೊಸ ಲೇಬಲ್ ಬಂತು. ಈ ಸಲ ಮುಂಭಾಗದಲ್ಲಿ ಹೆಬ್ಬೆರಳು ಒತ್ತುವ ಜಾಗದಲ್ಲಷ್ಟೇ ಬಣ್ಣ ಹೋಯಿತು. ಮುಚ್ಚಳದ ಕೆಳಗೆ ಜಿಡ್ಡು ಕೂತಿತು. ಗೋಡೆಯ ಕಡೆಗಿರುವ ನನ್ನ ಬೆನ್ನು ಹೊಸದಾಗಿಯೇ ಉಳಿಯಿತು. ವಲೇರಿಯನ್ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಪಾಸು ಎಂದರ್ಥ.

ನನ್ನ ದೃಶ್ಯ ಹೀಗಿತ್ತು: ಅಂಗಡಿ ಕೈತಪ್ಪಿತೆಂದು ತಿಳಿದ ನಾಯಕ ಕಪಾಟಿನಿಂದ ನನ್ನನ್ನು ತೆಗೆದು ಗೋಡೆಗೆ ಎಸೆಯಬೇಕು. ನಾಯಕ ಚೆನ್ನಾಗಿಯೇ ಎಸೆದ. ನನ್ನ ಮುಂಭಾಗ ನೆಗ್ಗಿ ಬುಗುರಿ ಹರಿಯಿತು. ಅಷ್ಟರಲ್ಲಿ ನಿರ್ದೇಶಕರು, “ಮೈಕ್ ಫ್ರೇಮಿನೊಳಗೆ ಬಂತು, ಒನ್ ಮೋರ್,” ಎಂದರು.

ವಲೇರಿಯನ್ ಮಹಾನಂದಾಳ ಕಡೆಗೆ ಕೈ ಚಾಚಿದರು. “ಇನ್ನೊಂದು ಕೊಡು.”

“ಒಂದೇ ಮಾಡೀನ್ರಿ ಸರ್.”

ಎಸೆಯುವ, ಒಡೆಯುವ, ಸುಡುವ ವಸ್ತುವಿಗೆ ಅದೇ ಥರದ ಜೋಡಿಗಳು ಇರಲೇಬೇಕು. ಈ ಕೆಲಸದಲ್ಲಿ ಅದು ಎಷ್ಟು ಸಾಮಾನ್ಯವೆಂದರೆ ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ನನ್ನನ್ನು ಚೆಂದ ಮಾಡುವುದರಲ್ಲಿ ಮೈಮರೆತಿದ್ದಳು, ಅಷ್ಟೆ. ಇಡೀ ಸೆಟ್ ಅವಳತ್ತ ನೋಡಿತು. ನಿರ್ದೇಶಕರು ಬೇಸರದಿಂದ ಊಟಕ್ಕೆ ಬಿಟ್ಟರು.

“ಫ್ಲೆಕ್ಸ್ ಅಂಗಡಿಯಲ್ಲಿ ನಿನ್ನ ಕುರ್ಚಿ ಇನ್ನೂ ಖಾಲಿ ಉಂಟಾ?” ಎಂದರು ವಲೇರಿಯನ್. ತಮಾಷೆಯ ದನಿಯಲ್ಲ.

ಮಹಾನಂದಾ ನನ್ನನ್ನು ನೆಲದಿಂದ ಎತ್ತಿ ತಿರುಗಿಸಿದಳು. “ಹಿಂದಿನ ಮೈ ನೆಟ್ಟಗ ಐತ್ರಿ ಸರ್. ಅಲ್ಲೂ ಬುಗುರಿ ಐತಿ. ನೆಗ್ಗಿದ್ದನ್ನ ಗ್ವಾಡಿ ಕಡೆ ಮಾಡಿ ಇಟ್ರ ಕ್ಯಾಮೆರಾಕ್ಕ ಕಾಣಂಗಿಲ್ಲ.”

“ಅದು ಹೊಸ ಮದುಮಗಳ ಹಾಗೆ ಉಂಟು. ಊಟ ಮುಗಿಯುವುದರೊಳಗೆ ಮುದುಕಿ ಮಾಡ್ತೀಯಾ?”

ನೆಗ್ಗುವ ಮೊದಲು ಫೋನಿನಲ್ಲಿ ತೆಗೆದಿದ್ದ ನನ್ನ ಮುಂಭಾಗದ ಫೋಟೋ ನೋಡುತ್ತಾ ಅವಳು ಹೆಬ್ಬೆರಳಿನ ಜಾಗ ತಿಕ್ಕಿದಳು. ಜಾಗ ಸರಿಯಾಗಿತ್ತು, ಆದರೆ ಜಿಡ್ಡು ಇರಲಿಲ್ಲ. ಅವಳು ನನ್ನನ್ನು ಅವುಚಿಕೊಂಡು ಊಟದ ಸಾಲಿನತ್ತ ಓಡಿದಳು.

“ಉಂಡವರೆಲ್ಲ ಕೈ ತೊಳ್ಕೋಬ್ಯಾಡ್ರಿ. ಮೊದ್ಲು ಇದನ್ನ ಇಲ್ಲೇ, ಹಿಂಗ ಹಿಡ್ಕೊಂಡು ಕೊಡ್ರಿ.”

“ಊಟಕ್ಕೆ ಬಂದೋರ ಕೈಲಿ ಡಬ್ಬ ಉಜ್ಜಿಸ್ತೀಯಲ್ಲಮ್ಮಾ,” ಎಂದು ನಗುತ್ತಾ ಮುನಿವೆಂಕಟಪ್ಪ ಮೊದಲಿಗನಾಗಿ ಹಿಡಿದ. ಲೈಟಿನವರು ಹಿಡಿದರು, ಡ್ರೈವರುಗಳು ಹಿಡಿದರು. ಮೇಕಪ್ಪಿನವನು ಬಂದಾಗ, “ನಿಮ್ಮ ಕೈ ಬ್ಯಾಡ್ರಿ, ಪೌಡರ್ ಹತ್ತತೈತಿ,” ಎಂದು ಅವನನ್ನು ಓಡಿಸಿದಳು. ಸಾಂಬಾರಿನ ಎಣ್ಣೆ, ಬೆವರು, ಬೀಡಿಯ ಬೂದಿ ಎಲ್ಲವೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಕೂತವು. ಬಟ್ಟೆಯಿಂದ ಒರೆಸಿದಳು, ಮತ್ತೆ ಹಿಡಿಸಿದಳು. ಕೊನೆಗೆ ವಲೇರಿಯನ್ ತಟ್ಟೆ ಕೆಳಗಿಟ್ಟು, ಮೀನು ಮುರಿದ ಕೈಯಿಂದ ನನ್ನನ್ನು ಹಿಡಿದು ಕೊಟ್ಟರು.

ನಾಯಕ ಮತ್ತೆ ಎಸೆದ. ನನ್ನ ಬೆನ್ನೂ ನೆಗ್ಗಿತು. “ಓಕೆ” ಎಂಬ ದನಿ ಕೇಳಿಸಿತು.

ವಲೇರಿಯನ್ ಅವಳನ್ನು ಹೊಗಳಲಿಲ್ಲ. “ಮುಂದಿನ ಧಾರಾವಾಹಿಯಲ್ಲಿ ಒಂದು ಸೋಡಾ ಸೀಸೆ ಒಡೆಯಲಿಕ್ಕುಂಟು. ಎಷ್ಟು ಮಾಡ್ತೀ?”

“ಆರು ಮಾಡ್ತೀನ್ರಿ ಸರ್.”

“ಎಂಟು ಮಾಡು.”

ಮಹಾನಂದಾ ಫ್ಲೆಕ್ಸ್ ಅಂಗಡಿಗೆ ಹೋಗಲಿಲ್ಲ.

ಎರಡೂ ಕಡೆ ನೆಗ್ಗಿದ ನನ್ನನ್ನು ಎಸೆಯಲು ಹೊರಟಾಗ ಮುನಿವೆಂಕಟಪ್ಪ ಕೇಳಿ ಪಡೆದ. ಒಳಗಿನಿಂದ ಬಡಿದು ಸುಮಾರಾಗಿ ನೆಟ್ಟಗೆ ಮಾಡಿದ. ಈಗ ನನ್ನೊಳಗೆ ನಿಜವಾದ ಚಹಾಪುಡಿ ಇದೆ. ಸೆಟ್ಟಿಗೆ ಬರುವ ವಯಸ್ಸಾದ ಕಲಾವಿದರೊಬ್ಬರು, “ಬುಗುರಿ ಛಾಪಾ ನಮ್ಮನೇಲೂ ತರ್ತಿದ್ವಿ, ಘಮ್ ಅಂತಿತ್ತು,” ಎಂದು ಎಲ್ಲರಿಗೂ ಹೇಳುತ್ತಾರೆ. ನಾನು ಅವರನ್ನು ತಿದ್ದುವುದಿಲ್ಲ.

ಮೊನ್ನೆ ಮಹಾನಂದಾ ಚಹಾಕ್ಕೆ ಬಂದವಳು ಲೋಟ ಕೆಳಗಿಟ್ಟು ನನ್ನನ್ನು ಕೈಗೆತ್ತಿಕೊಂಡಳು. ಮುನಿವೆಂಕಟಪ್ಪ ದಿನವೂ ಚಮಚದ ಹಿಡಿಯಿಂದ ಮುಚ್ಚಳ ಮೀಟಿ ಮೀಟಿ ನನ್ನ ಅಂಚು ಒಂದು ಕಡೆ ಹಲ್ಲು ಹಲ್ಲಾಗಿದೆ. ನನ್ನನ್ನು ಹಳೆಯದಾಗಿಸುವಾಗ ಅವಳು ಆ ಜಾಗವನ್ನು ಮುಟ್ಟಿಯೇ ಇರಲಿಲ್ಲ.

“ಇದು ನನಗ ಹೊಳದಿದ್ದೇ ಇಲ್ಲ ನೋಡ್ರಿ ಅಣ್ಣಾ,” ಎಂದು ಅಂಚಿನ ಮೇಲೆ ಬೆರಳಾಡಿಸಿ ಫೋಟೋ ತೆಗೆದುಕೊಂಡಳು.

ನನಗೆ ಮೊದಲು ವಯಸ್ಸು ಕೊಟ್ಟವಳು ಅವಳು. ಉಳಿದದ್ದನ್ನು ನಾನೇ ಸಂಪಾದಿಸುತ್ತಿದ್ದೇನೆ, ಅವಳು ನೋಡಿ ಕಲಿಯುತ್ತಿದ್ದಾಳೆ.