ಗಾಡಿಯ ಹಿಂದಿನ ಮೂಲೆ

"ಇದೇನ ಅಯೂಬಣ್ಣ? ಇದನ್ನ ನಾ ಹೇಳೇ ಇರಲಿಲ್ಲಲ್ಲ," ಎಂದು ಸಂಜೀವಕುಮಾರ ಟೆಂಪೋದ ಒಳಗಿಂದಲೇ ಕೂಗಿದ.

ಸಿಂದಗಿಯ ಗ್ಯಾರೇಜಿನ ತಗಡಿನ ನೆರಳಲ್ಲಿ ಗಾಡಿ ನಿಂತಿತ್ತು. ಸಾಲೆಯ ಮಕ್ಕಳನ್ನು ಹೊತ್ತು ಸವೆದ ಟೆಂಪೋ. ಕೊಳ್ಳಲೆಂದು ಮೊದಲು ತಾಳಿಕೋಟೆಯಲ್ಲಿ ನೋಡಿದ ಗಾಡಿಯ ತಳ ತುಕ್ಕು ತಿಂದಿತ್ತು; ಇಂಡಿಯಲ್ಲಿ ನೋಡಿದ್ದು ಚಲೋ ಇತ್ತು, ಆದರೆ ನಿಂತರೆ ತಲೆ ಬಡಿಯುತ್ತಿತ್ತು. ಇದರ ಬಣ್ಣ ಹೋಗಿದ್ದರೂ ಅವ್ವ ಒಳಗೆ ನೆಟ್ಟಗೆ ನಿಲ್ಲಬಹುದಿತ್ತು. ಹೂವಿನ ಹಿಪ್ಪರಗಿಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಸಂಜೀವಕುಮಾರನ ಕೈಗೆ ಎಟುಕುವಂಥದ್ದೂ ಇದೊಂದೇ. ಅಯೂಬ ಸೀಟುಗಳನ್ನು ಕಿತ್ತು ಮಲಗುವ ಹಲಗೆ, ಮಡಚುವ ಅಡುಗೆಕಟ್ಟೆ, ನೀರಿನ ಟಾಕಿ, ಫ್ಯಾನು ಕೂಡಿಸಿದ್ದ.

ಇಷ್ಟೆಲ್ಲ ಸಂಜೀವಕುಮಾರನ ತಾಯಿ ಸಿದ್ದವ್ವನ ಸಲುವಾಗಿ. ಅವಳ ಗಂಡ ಜೀವ ಇರುವತನಕ ಶ್ರೀಶೈಲಕ್ಕೆ ನಡೆದುಹೋದವನು. ಅವಳು ವರ್ಷವರ್ಷವೂ ಊರ ಅಗಸಿಬಾಗಿಲವರೆಗೆ ಹೋಗಿ, ಬುತ್ತಿಗಂಟು ಕೊಟ್ಟು, ತಿರುಗಿ ಬಂದವಳು. ಶ್ರೀಶೈಲದ ದೇವರು ಮಲ್ಲಯ್ಯ ಅವಳನ್ನು ಇನ್ನೂ ಕರೆದಿರಲಿಲ್ಲ.

ಅಯೂಬ ಕೈ ಒರೆಸಿಕೊಳ್ಳುತ್ತ ಬಂದ. ಸಂಜೀವಕುಮಾರ ಬೆರಳು ಮಾಡಿದ್ದು ಹಿಂದಿನ ಮೂಲೆಗೆ. ಅಲ್ಲಿ ಕಬ್ಬಿಣದ ಚೌಕಟ್ಟು, ಅದರ ಮೇಲೆ ನಡುವೆ ದುಂಡಗೆ ಕೊರೆದ ಹಲಗೆ, ಕೆಳಗೆ ಮುಚ್ಚಳದ ಬಕೆಟ್ಟು, ಸುತ್ತ ಪರದೆ ಕಟ್ಟುವ ಸರಳು.

"ವೈನಿಯವರು ಫೋನ್ ಹಚ್ಚಿ ಹೇಳಿದ್ರಲ್ರಿ ಸಾಹುಕಾರ್ರ. ನಿಮಗ ಗೊತ್ತೈತಿ ಅಂತ ತಿಳಕೊಂಡೆ."

ಸಂಜೀವಕುಮಾರ ಹೆಂಡತಿಯ ಕಡೆ ತಿರುಗಿದ. ವಿಜಯಶ್ರೀ ಸೆರಗು ಎಳೆದುಕೊಂಡಳು.

"ನನಗ ಬೇಕಾಗೇತ್ರಿ. ಹಾದ್ಯಾಗ ನನಗ ತಡಕೊಳ್ಳಾಕ ಆಗೂದಿಲ್ಲ."

ಅದು ಸುಳ್ಳು. ತಡೆದುಕೊಳ್ಳಲು ಆಗದವಳು ಅತ್ತೆ. ಈಗ ಎರಡು ವರ್ಷದಿಂದ ಕೆಮ್ಮಿದರೆ, ಏಳಲು ಹೋದರೆ ಸಿದ್ದವ್ವನ ಸೀರೆ ಒದ್ದೆಯಾಗುತ್ತಿತ್ತು. ನಸುಕಿನಲ್ಲಿ ಹಿತ್ತಲ ಕಲ್ಲಿನ ಮುಂದೆ ಅವಳು ಒಗೆಯಲು ಕೂತರೆ ವಿಜಯಶ್ರೀ ಬಂದು ಮಾತಿಲ್ಲದೆ ಸೀರೆ ಇಸಕೊಳ್ಳುತ್ತಿದ್ದಳು. ಆ ಸಂಗತಿ ಇಬ್ಬರ ಬಾಯಲ್ಲೂ ಒಮ್ಮೆಯೂ ಬಂದಿರಲಿಲ್ಲ. ದವಾಖಾನೆಯ ಹೆಸರೆತ್ತಿದರೆ ಮುದುಕಿ ಎದ್ದು ಹೋಗುತ್ತಿದ್ದಳು. ಮದುವೆ, ತೊಟ್ಟಿಲು, ಶ್ರಾವಣ ಸೋಮವಾರದ ಬಾಗೇವಾಡಿ ಜಾತ್ರೆ ಎಲ್ಲವನ್ನೂ ಮೊಣಕಾಲಿನ ನೆಪದಲ್ಲಿ ಬಿಟ್ಟಿದ್ದಳು. ಈ ಮೂಲೆಯೊಂದಿದ್ದರೆ ಅತ್ತೆ ಶ್ರೀಶೈಲ ಕಾಣುತ್ತಾಳೆಂದು ಸೊಸೆ ನಂಬಿದ್ದಳು. ಮುದುಕಿಯ ಮಾನ ಉಳಿಯಲೆಂದು ತನ್ನ ಹೆಸರು ಹೇಳಿದ್ದಳು.

"ಸಣ್ಣ ಕೂಸೇನ ನೀ? ಹಾದಿ ತುಂಬ ಪೆಟ್ರೋಲ್ ಬಂಕ್ ಅದಾವ," ಎಂದ ಸಂಜೀವಕುಮಾರ.

"ಬಂಕಿನ್ಯಾಗ ಕೀಲಿ ಹಾಕಿರ್ತಾರ್ರಿ," ಅಯೂಬ ನಕ್ಕ. "ಹೋದ ವರ್ಷ ಕಲಬುರಗಿ ಉರುಸಿಗೆ ಹೊಂಟಿದ್ವಿ. ಕೀಲಿ ಇಟ್ಟಕೊಂಡಾಂವ ಚಾ ಕುಡ್ಯಾಕ ಹೋಗಿದ್ದ. ನಮ್ಮವ್ವ ಶಮಶಾದಬಿ ಅವಗ ಬೈದದ್ದು ಇನ್ನೂ ನನ್ನ ಕಿವ್ಯಾಗ ಐತ್ರಿ."

ಗಾಡಿಯ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಸಿದ್ದವ್ವ ಎಲ್ಲ ಕೇಳಿಸಿಕೊಂಡಳು. ಸೊಸೆಯನ್ನು ನೋಡಿದಳು. ಸೊಸೆಯೂ ಅವಳನ್ನೇ ನೋಡುತ್ತಿದ್ದಳು. ಇಷ್ಟು ದಿನ ಹಿತ್ತಲಲ್ಲಿ ಮುಚ್ಚಿಟ್ಟದ್ದು ಪರಗಂಡಸಿನ ಮುಂದೆ ಬಂದು ನಿಂತಂತಾಗಿ ಮುದುಕಿಯ ಮುಖ ಬಿಳುಚಿತು.

"ಶಿವ ಶಿವಾ! ಅಡಗಿ ಅಲ್ಲೆ, ನನ್ನ ಲಿಂಗಪೂಜಿ ಅಲ್ಲೆ, ಅದೂ ಅಲ್ಲೆ? ಮಲ್ಲಯ್ಯನ ಕಡೆ ಹೊಂಟ ಗಾಡ್ಯಾಗ? ಸಂಜೂ, ಅದನ್ನ ಕಿತ್ತ ಒಗಸು. ಅದಿದ್ರ ನಾ ಗಾಡಿ ಹತ್ತೂದಿಲ್ಲ."

"ಅತ್ತಿ, ಹಂಗಲ್ಲರಿ..."

"ಸಾಕ, ಬಾಯಿ ಮುಚ್ಚು. ಹೇಸಿಗಿ!"

"ನಡುವ ತಗಡ ಬಡದು ಬಾಗಲಾ ಹಚ್ಚತೇನ್ರಿ ಅವ್ವಾರ. ಬ್ಯಾರೆ ಖೋಲಿನ ಆಗತೈತಿ," ಎಂದ ಅಯೂಬ.

"ಬ್ಯಾಡಪಾ. ಆ ಜಾಗಾದಾಗ ದೇವರ ಗೂಡು ಮಾಡಿಕೊಡು," ಎಂದಳು ಸಿದ್ದವ್ವ.

ಚೌಕಟ್ಟು ಕತ್ತರಿಸುವಾಗ ಕಿಡಿ ಹಾರಿದವು. ವಿಜಯಶ್ರೀ ದೂರ ನಿಂತು ನೋಡಿದಳು.

ಊರಿಗೆ ಬಂದ ಮೇಲೆ ಅದು ನಗೆಮಾತಾಯಿತು. ಹೇಳಿದವನು ಸಂಜೀವಕುಮಾರನೇ. ಪಕ್ಕದ ಮನೆಯ ತಿಪ್ಪವ್ವ ಕಟ್ಟೆಯ ಮೇಲೆ ಕೂತು, "ಏನವಾ ವಿಜಯಶ್ರೀ, ಗಾಡ್ಯಾಗ ಬಚ್ಚಲಾ ಕಟ್ಟಸಾಕ ಹೋಗಿದ್ದೆಂತಲ್ಲ! ನೀರ ಕಾಸಾಕ ಹಂಡೆ ಒಂದ ಮರತಿ ನೋಡು," ಎಂದಳು. ಜೋಳ ಹಸನು ಮಾಡುತ್ತಿದ್ದ ಸಿದ್ದವ್ವನೂ ನಕ್ಕಳು. "ಈಗಿನ ಹುಡುಗ್ಯಾರು ಭಾಳ ನಾಜೂಕವ್ವಾ," ಎಂದಳು.

ಮರುದಿನ ನಸುಕಿನಲ್ಲಿ ಹಿತ್ತಲಲ್ಲಿ ಸೀರೆ ಒಗೆಯುವ ಸಪ್ಪಳ ಕೇಳಿಸಿತು. ವಿಜಯಶ್ರೀ ಬಾಗಿಲವರೆಗೆ ಬಂದಳು. ಅತ್ತೆ ತಿರುಗಿ ನೋಡಿದಳು. ವಿಜಯಶ್ರೀ ಹಿತ್ತಲಿಗೆ ಇಳಿಯಲಿಲ್ಲ, ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಗಂಡನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮೊದಲು ಅವಳು ಅತ್ತೆಯ ಮಾನಕ್ಕಾಗಿ ಹೇಳಲಿಲ್ಲ. ಆಮೇಲೆ ಯಾಕೆ ಹೇಳಲಿಲ್ಲವೆಂಬುದು ಎಲ್ಲರ ಒಳಗೂ ಕೂತು ನೋಡುವ ಆ ಶಿವನಿಗೇ ಗೊತ್ತು.

ಹೊರಡುವ ಹಿಂದಿನ ದಿನ ಸಿದ್ದವ್ವ ಮನೆಯವರನ್ನೆಲ್ಲ ಕರೆದು, "ಮಲ್ಲಯ್ಯನ ಮಾರಿ ನೋಡೂತನಕ ಒಂದ ಹನಿ ನೀರು ಕುಡಿಯೂದಿಲ್ಲಂತ ಹರಕಿ ಹೊತ್ತೇನಿ," ಎಂದಳು. ಚೈತ್ರದ ಬಿಸಿಲು. ಸಂಜೀವಕುಮಾರ ಬೇಡವೆಂದ, ಕೊನೆಗೆ ತಾಯಿಯ ಕಾಲು ಮುಟ್ಟಿದ. ತಿಪ್ಪವ್ವ ಕಣ್ಣೊರೆಸಿಕೊಂಡು, "ಇಂಥಾ ಭಕ್ತಿ ಯಾರಿಗೆ ಬರತೈತಿ," ಎಂದು ಓಣಿಗೆಲ್ಲ ಹೇಳಿದಳು. ವಿಜಯಶ್ರೀ ಒಬ್ಬಳೇ ಒಳಗೆ ಹೋಗಿ ಅತ್ತೆಯ ಎರಡು ಸೀರೆ ಮಡಚಿ ಗಂಟಿಗೆ ಸೇರಿಸಿದಳು.

ಬಾಗೇವಾಡಿಯಲ್ಲಿ ಬಸವಣ್ಣನ ದರ್ಶನ ಮುಗಿಸಿ ಗಾಡಿ ಮುದ್ದೇಬಿಹಾಳ ದಾಟಿತು. ಕಿಡಕಿಯಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ಹಲಗೆಯ ಮೇಲೆ ಮಲಗಿದ ಸಿದ್ದವ್ವನ ತುಟಿ ಸೀಳಿ ಬಿಳಿಯಾಗಿದ್ದವು. ವಿಜಯಶ್ರೀ ಟಾಕಿಯಿಂದ ತಂಬಿಗೆ ತುಂಬಿ ತಂದು ಬಗ್ಗಿದಳು.

"ಕುಡೀರಿ ಅತ್ತಿ. ಬ್ಯಾರೆ ಸೀರಿ ಇಟ್ಟಕೊಂಡೇನಿ. ಯಾರಿಗೂ ಗೊತ್ತಾಗೂದಿಲ್ಲ."

ಸಿದ್ದವ್ವ ಕಣ್ಣು ತೆರೆದಳು. "ಆ ಮೂಲಿ ಬೇಕಾಗಿದ್ದು ನಿನಗಲ್ಲೇನ? ನೀ ಕುಡಿ."

ಸ್ಟೇರಿಂಗ್ ಹಿಡಿದಿದ್ದ ಸಂಜೀವಕುಮಾರ ಹೆಮ್ಮೆಯಿಂದ ನಕ್ಕ. "ನೋಡ ವಿಜಿ, ನಮ್ಮವ್ವ ಎಷ್ಟ ಗಟ್ಟಿ! ಗಾಡಿ ನಿಂದ್ರಸಂತ ಒಮ್ಮೆರೆ ಅಂದ್ಲೇನು? ಕಲಿ."

ವಿಜಯಶ್ರೀ ತಂಬಿಗೆಯ ನೀರನ್ನು ತಾನೇ ಗಟಗಟ ಕುಡಿದಳು.

ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ನೀಲಮ್ಮನ ಗುಡಿಯ ಮುಂದೆ ಗಾಡಿ ನಿಂತಿತು. ಮಗ ಒಂದು ರಟ್ಟೆ, ಸೊಸೆ ಇನ್ನೊಂದು ರಟ್ಟೆ ಹಿಡಿದು ಸಿದ್ದವ್ವನನ್ನು ಒಳಗೆ ನಡೆಸಿದರು. ಪೂಜಾರಿ ತೀರ್ಥದ ಗಿಂಡಿ ಹಿಡಿದು ಬಂದ.

"ಹರಕಿ ಐತ್ರಿ ಅವ್ವಂದು, ನೀರು ಮುಟ್ಟೂದಿಲ್ಲ," ಎಂದ ಸಂಜೀವಕುಮಾರ.

"ತೀರ್ಥಕ್ಕ ಹರಕಿ ಅಡ್ಡ ಬರೂದಿಲ್ಲ. ತಗೋ ಯವ್ವಾ, ಜೀವಾ ತಂಪಾಗಲಿ."

ಸಿದ್ದವ್ವ ಬೊಗಸೆ ಒಡ್ಡಿದಳು. ಪೂಜಾರಿ ಮುದುಕಿಯೆಂದು ಕೈ ತುಂಬ ಹಾಕಿದ. ಅವಳು ಅದನ್ನು ತುಟಿಯವರೆಗೆ ತಂದಳು. ಆಮೇಲೆ ಬೊಗಸೆಯನ್ನು ಕಣ್ಣಿಗೆ ಒತ್ತಿಕೊಂಡು ಬೆರಳು ಸಡಿಲ ಬಿಟ್ಟಳು. ನೀರು ಮೊಣಕೈಗುಂಟ ಇಳಿದು, ಕಾದ ಹಾಸುಗಲ್ಲಿನ ಮೇಲೆ ಬಿದ್ದು, ನೋಡನೋಡುತ್ತಲೇ ಆರಿತು.